ತೊಟ್ಟಿಗೆ ಬಗ್ಗಿ ಮೂಸುವವನು

ಸ್ಪೇ ನದಿಯ ಎರಡೂ ದಡದವರಿಗೆ ಇನ್ನೆಸ್ ಗೆಡ್ಡಿಸ್ ಅಂದರೆ ಮೊದಲು ಮೂಗು, ಆಮೇಲೆ ಮನುಷ್ಯ. ಹಾಗಂತ ಅದೇನು ಗಿಳಿಮೂಗೂ ಅಲ್ಲ, ಸಂಪಿಗೆ ಮೂಗೂ ಅಲ್ಲ. ಫುಟ್‌ಬಾಲ್ ಆಡುವಾಗ ಮುರಿದು ಸೊಟ್ಟಗೆ ಕೂಡಿಕೊಂಡ, ಚಳಿಗಾಲ ಬೇಸಿಗೆ ಎನ್ನದೆ ತುದಿ ಕೆಂಪಗಿರುವ ಮೂಗು. ಆದರೆ ಅದು ಹೇಳಿದ್ದೇ ವೇದವಾಕ್ಯ. ಹದಿನಾರನೇ ವಯಸ್ಸಿಗೆ ಅವನು ಟಾರ್‌ವೆನ್ನಿ ವಿಸ್ಕಿ ಭಟ್ಟಿಗೆ ಕಸ ಗುಡಿಸಲು ಸೇರಿದ. ನಾಲ್ಕು ವರ್ಷಕ್ಕೆ ತೊಟ್ಟಿ ಕೋಣೆಗೆ ಹಾಕಿದರು. ಅಲ್ಲಿ ಮೂರಾಳುದ್ದ ಆಳದ ಎಂಟು ಮರದ ತೊಟ್ಟಿಗಳು. ಬಾರ್ಲಿಯ ಸಿಹಿರಸ ಅವುಗಳಲ್ಲಿ ಎರಡು ಮೂರು ದಿನ ನೊರೆ ಉಕ್ಕಿಸುತ್ತಾ ಹುಳಿಯುತ್ತದೆ, ಆಮೇಲೆ ಕುದಿಯಲು ಹೋಗುತ್ತದೆ. ಮುಚ್ಚಿದ ಮುಚ್ಚಳದ ಮೇಲಿಂದಲೇ ಮೂಸಿ, ಈ ರಸ ಕೆಡುತ್ತಿದೆ, ಇದು ಚೆನ್ನಾಗಿದೆ ಎಂದು ಹೇಳುತ್ತಿದ್ದವನು ಇನ್ನೆಸ್.

ಅವನ ಮೂಗಿಗೆ ಇನ್ನೊಂದು ಕೆಲಸವೂ ಇತ್ತು, ಹೆಚ್ಚಿನದು. ರಸ ಹುಳಿಯುವಾಗ ಬಿಡುವ ಗಾಳಿ ಭಾರ. ತೊಟ್ಟಿ ಖಾಲಿಯಾದ ಮೇಲೂ ತಳದಲ್ಲಿ ಮಲಗಿರುತ್ತದೆ. ಕಣ್ಣಿಗೆ ಕಾಣದು. ತೊಳೆಯಲು ಇಳಿದವನಿಗೆ ಎರಡು ಉಸಿರು ಸಿಗುತ್ತದೆ, ಮೂರನೆಯದಕ್ಕೆ ಮಂಡಿ ಕುಸಿಯುತ್ತದೆ. ಅವನನ್ನು ಎತ್ತಲು ಇಳಿದವನಿಗೂ ಅದೇ ಗತಿ. ಹಾಳುಬಾವಿಗೆ ಇಳಿಯುವ ಮುಂಚೆ ಮಾಡುವಂತೆ ಹಿಂದೆ ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಬಿಡುತ್ತಿದ್ದರು. ದೀಪ ಉಳಿದರೆ ಆಳು ಉಳಿದಾನು ಅಂತ. ಈಗ ಅಳೆಯುವ ಮೀಟರ್ ಬಂದಿದೆ. ಇನ್ನೆಸ್ ಮಾತ್ರ ಸೊಂಟದವರೆಗೆ ತೊಟ್ಟಿಯೊಳಗೆ ಬಗ್ಗಿ ಒಂದು ಉಸಿರು ಎಳೆಯುತ್ತಿದ್ದ. ಗಾಳಿ ಇದ್ದರೆ ಮೂಗು ಚುರ್ ಎನ್ನುತ್ತದೆ, ಸಾಸಿವೆ ನೆತ್ತಿಗೇರಿದ ಹಾಗೆ. ಚುರ್ ಎನ್ನದಿದ್ದರೆ ತಲೆ ಎತ್ತಿ ‘ಇಳಿ’ ಅನ್ನುತ್ತಿದ್ದ.

ಒಂದು ಸಲ ಲಾಟೀನು ಚೆನ್ನಾಗಿಯೇ ಉರಿಯುತ್ತಿತ್ತು, ಇನ್ನೆಸ್ ಬೇಡವೇ ಬೇಡ ಎಂದ. ಅವನ ಹೆಂಡತಿಯ ತಮ್ಮ ವಾಟಿ ಆಗಲೇ ಒಂದು ಕಾಲು ತೊಟ್ಟಿಯೊಳಗೆ ಇಟ್ಟಿದ್ದ. ನೋಡಿದರೆ ಹಗ್ಗ ನಾಲ್ಕಡಿ ಕಮ್ಮಿ. ಇನ್ನಷ್ಟು ಹಗ್ಗ ಕಟ್ಟಿ ಇಳಿಬಿಟ್ಟರೆ, ಯಾರೋ ಬೆರಳಲ್ಲಿ ಹಿಸುಕಿದ ಹಾಗೆ ದೀಪ ಆರಿಹೋಯಿತು. ಅವತ್ತಿನಿಂದ ವಾಟಿ ದೇವರ ಮೇಲೆ ಆಣೆ ಇಡುವುದನ್ನು ಬಿಟ್ಟು ಭಾವನ ಮೂಗಿನ ಮೇಲೆ ಆಣೆ ಇಡುತ್ತಿದ್ದ.

ಐವತ್ತೈದಕ್ಕೆ ಇನ್ನೆಸ್‌ನನ್ನು ಕೆಲಸದಿಂದ ಬಿಡಿಸಿದರು. ಬಂದ ಹಣದಲ್ಲಿ ಒಂದು ವ್ಯಾನ್ ಕೊಂಡು, ಇಬ್ಬರು ಮೂವರು ಅತಿಥಿಗಳನ್ನಷ್ಟೇ ಕೂರಿಸಿಕೊಂಡು ದಿನಕ್ಕೆ ಮೂರು ಭಟ್ಟಿ ತೋರಿಸುವ ಕಸುಬು ಹಿಡಿದ. ಬಾಯಿ ಇದ್ದವನಿಗೆ ಬರವೇ? ಜನ ಹುಡುಕಿಕೊಂಡು ಬಂದರು. ಗುರುವಾರದ ಪ್ರವಾಸ ಮಾತ್ರ ಕಡ್ಡಾಯವಾಗಿ ಟಾರ್‌ವೆನ್ನಿಯಲ್ಲಿ ಮುಗಿಯಬೇಕು. ಅವತ್ತು ಅಲ್ಲಿ ತೊಟ್ಟಿ ತೊಳೆಯುವ ದಿನ. ಇನ್ನೆಸ್ ಬಂದು ಬಗ್ಗಿ ಮೂಸಿ ‘ಇಳಿ’ ಎನ್ನದೆ ವಾಟಿ ಏಣಿಗೆ ಕಾಲಿಡುತ್ತಿರಲಿಲ್ಲ. ಮೀಟರ್ ಮೇಜಿನ ಡ್ರಾಯರ್‌ನಲ್ಲಿ ಮಲಗಿರುತ್ತಿತ್ತು. ಅತಿಥಿಗಳು ಫೋಟೊ ಹೊಡೆದುಕೊಳ್ಳುತ್ತಿದ್ದರು.

ಫೆಬ್ರವರಿಯಲ್ಲಿ ಹತ್ತು ದಿನ ಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ಮೂಗನ್ನೂ ಕರೆದುಕೊಂಡು ಹೋಯಿತು.

ಮೊದಲು ಗೊತ್ತಾದದ್ದು ಹೆಂಡತಿ ನೆಟ್ಟಾಳಿಗೆ. ಅವಳು ಕೋಳಿಗೂಡಿಗೆ ಹೋಗಿ ಬರುವಷ್ಟರಲ್ಲಿ ಒಲೆಯ ಮೇಲಿನ ಓಟ್ಸ್ ಗಂಜಿ ತಳ ಹಿಡಿದು ಅಡುಗೆಮನೆಯೆಲ್ಲ ಸೀದ ವಾಸನೆ. ಇವನು ಒಲೆಗೆ ಬೆನ್ನು ಹಾಕಿ ಅಲ್ಲೇ ಕೂತು ಪೇಪರ್ ಓದುತ್ತಿದ್ದ.

“ಏನಯ್ಯಾ, ಮನೆಗೆ ಬೆಂಕಿ ಬಿದ್ರೂ ಕೂತೇ ಇರ್ತೀಯಾ?” ಎಂದು ಬೈದವಳು ಅವನ ಮುಖ ನೋಡಿದಳು. ಆಮೇಲೆ ಕಪಾಟಿನ ಕಡೆ ನೋಡಿದಳು. ಗಾಡಿ ಓಡಿಸುವವನು ಕುಡಿಯುವಂತಿಲ್ಲವಲ್ಲ, ಅದಕ್ಕೆ ಪ್ರತಿ ಭಟ್ಟಿಯಲ್ಲೂ ಅವನ ಪಾಲಿನ ಗುಟುಕನ್ನು ಪುಟ್ಟ ಶೀಶೆಗೆ ತುಂಬಿ ಕೊಟ್ಟು ಕಳಿಸುತ್ತಾರೆ. ಸಂಜೆ ಬಂದು ಬೂಟು ಬಿಚ್ಚುವ ಮುಂಚೆ ಅದರ ಬಿರಟೆ ಬಿಚ್ಚುತ್ತಿದ್ದವನು, ಮೂರು ವಾರದಿಂದ ಒಂದನ್ನೂ ಮುಟ್ಟಿರಲಿಲ್ಲ. ಜ್ವರಕ್ಕೆ ಮುಂಚೆ ತಂದಿದ್ದ ಶೀಶೆಗಳು ಸಾಲಾಗಿ ನಿಂತಿದ್ದವು.

“ಬಿಸಿನೀರು ಕುಡಿದ ಹಾಗಿದೆ ಕಣೇ,” ಎಂದ ಇನ್ನೆಸ್. “ವಾಸನೆ ಇಲ್ಲ, ಚುರ್ ಅನ್ನೋದೂ ಇಲ್ಲ. ಏನಂದ್ರೆ ಏನೂ ಇಲ್ಲ.”

ವಾಸನೆ ತಿರುಗಿ ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರು. ಅಷ್ಟು ಹೇಳಲು ಡಾಕ್ಟರೇ ಬೇಕಿತ್ತೇ! ಮೂಗಿಲ್ಲದವನನ್ನು ಯಾರು ವಿಸ್ಕಿ ತೋರಿಸಲು ಕರೆಯುತ್ತಾರೆ? ಅಕ್ಟೋಬರ್‌ಗೆ ಸೀಸನ್ ಮುಗಿಯಲಿ, ಅಲ್ಲಿಯವರೆಗೆ ಯಾರಿಗೂ ಹೇಳಬೇಡ ಎಂದು ಅವನು ನೆಟ್ಟಾಳಿಂದ ಮಾತು ತೆಗೆದುಕೊಂಡ.

“ಗುರುವಾರ?” ಎಂದು ಅವಳು ಕೇಳಿದಳು. “ನನ್ನ ತಮ್ಮ ನಿನ್ನ ಮೂಗು ನಂಬ್ಕೊಂಡು ಇಳೀತಾನಲ್ಲ, ಅದಕ್ಕೇನು ಮಾಡ್ತೀಯ?”

“ಈಗೆಲ್ಲ ಮೀಟರ್ ಇಟ್ಟೇ ಇಳಿಯೋದು. ನಾನು ಮೂಸೋದು ಬರೀ ಶಾಸ್ತ್ರಕ್ಕೆ.”

ಇದು ಹಸಿ ಸುಳ್ಳು. ನೆಟ್ಟಾ ನಂಬಿದಳು; ನಲವತ್ತು ವರ್ಷ ಸಂಸಾರ ಮಾಡಿದವಳು, ಇಂಥ ವಿಷಯದಲ್ಲಿ ಗಂಡ ಸುಳ್ಳು ಹೇಳುತ್ತಾನೆ ಅಂತ ಅವಳಿಗೆ ಹೊಳೆಯಲೇ ಇಲ್ಲ. ಮತ್ತೆ ವ್ಯಾನ್ ಹತ್ತಿದ ಮೇಲಿನ ಮೊದಲ ಗುರುವಾರ ಇನ್ನೆಸ್ ಮೂರು ಸಲ ಬಗ್ಗಿದ, ‘ಇಳಿ’ ಎಂದ, ಏನೂ ಆಗಲಿಲ್ಲ. ತೊಟ್ಟಿಯನ್ನು ಹಿಂದಿನ ಸಂಜೆಯೇ ಖಾಲಿ ಮಾಡಿ ಕೆಳಗಿನ ಬಾಗಿಲು ತೆರೆದಿಟ್ಟಿರುತ್ತಾರೆ, ಬೆಳಗಾಗುವುದರೊಳಗೆ ಗಾಳಿ ಹೋಗಿಯೇ ಇರುತ್ತದೆ ಎಂದು ಸಮಾಧಾನ ಮಾಡಿಕೊಂಡ. ಎರಡನೇ ಗುರುವಾರ ಎರಡೇ ಸಲ ಬಗ್ಗಿದ. ಮೇ ತಿಂಗಳ ಹೊತ್ತಿಗೆ ಹಳೆಯ ಹಾಗೆ ಒಂದೇ ಸಲ.

ಅಕ್ಟೋಬರ್‌ನ ಎರಡನೇ ಗುರುವಾರ ಬಂದವರು ಹ್ಯಾಂಬರ್ಗ್‌ನ ಗಂಡ ಹೆಂಡತಿ, ಥೀಸನ್ ಅಂತ. ಬೆಳಿಗ್ಗೆಯೇ ಮೋಡ ಬೆನ್ ರಿನ್ನಿಸ್ ಬೆಟ್ಟದ ಅರ್ಧಕ್ಕಿಳಿದು ಕೂತಿತ್ತು, ಗಾಳಿ ಎಂಬುದೇ ಇರಲಿಲ್ಲ. ಭಟ್ಟಿಗಳ ಹೊಗೆ ಮೇಲೇಳಲಾರದೆ ಚಾವಣಿಯ ಮೇಲೇ ಬಿದ್ದುಕೊಂಡಿತ್ತು. ವ್ಯಾನ್ ಹತ್ತುತ್ತಲೇ ಥೀಸನ್ ಹೆಮ್ಮೆಯಿಂದ ಹೇಳಿದ, “ನನ್ನ ಹೆಂಡತಿ ನಲವತ್ತು ವರ್ಷ ಚಹಾ ರುಚಿ ನೋಡೋ ಕೆಲಸ ಮಾಡಿದವಳು. ಇವತ್ತು ನಿಮ್ಮ ಮೂಗಿಗೂ ಅವಳ ಮೂಗಿಗೂ ಪಂದ್ಯ!”

ಇನ್ನೆಸ್ ನಕ್ಕ. ಗೇರು ಹಾಕದೆಯೇ ಗಾಡಿ ಬಿಡಲು ನೋಡಿದ.

ಮೊದಲ ಭಟ್ಟಿಯಲ್ಲಿ ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಲೋಟ ಎತ್ತಿದ, ಕಣ್ಣು ಮುಚ್ಚಿದ, ನೂರು ಸಲ ಹೇಳಿದ್ದನ್ನೇ ಹೇಳಿದ: “ಹಣ್ಣಾದ ಪೇರು. ಕೊಯ್ದ ಹುಲ್ಲು. ಆಮೇಲೆ ಸ್ವಲ್ಪ ಜೇನು.”

ಥೀಸನಮ್ಮ ತನ್ನ ಲೋಟ ಮೂಸಿದಳು. ಮತ್ತೊಮ್ಮೆ ಮೂಸಿದಳು. “ಪೇರು ಇದೆ,” ಎಂದಳು. “ಆದರೆ ಈ ಪೀಪಾಯಿಯಲ್ಲಿ ಗಂಧಕದ ವಾಸನೆ ಹೊಡೀತಿದೆಯಲ್ಲ? ಬೆಂಕಿಕಡ್ಡಿ ಗೀರಿದ ಹಾಗೆ.”

ಭಟ್ಟಿಯ ಹುಡುಗಿ ಲೋಟ ಮೂಸಿ ನಾಲಗೆ ಕಚ್ಚಿಕೊಂಡಳು. ಅಯ್ಯೋ, ಹೌದು, ಇದು ಬೇರೆ ಪೀಪಾಯಿಯದು, ತಪ್ಪಿ ಬಂದಿದೆ, ಎಂದು ಲೋಟಗಳನ್ನು ಎತ್ತಿಕೊಂಡು ಹೋದಳು. ಇನ್ನೆಸ್ “ನೀವು ಹಿಡೀತೀರೋ ಇಲ್ವೋ ಅಂತ ನೋಡ್ತಿದ್ದೆ,” ಎಂದು ಗದ್ದ ಕೆರೆದುಕೊಂಡ. ಥೀಸನ್ ಬಿದ್ದು ಬಿದ್ದು ನಕ್ಕ. ಅವನ ಹೆಂಡತಿ ನಗಲಿಲ್ಲ.

ಎರಡನೆಯದಕ್ಕೆ ಹೋಗುವ ದಾರಿಯಲ್ಲಿ ಉದ್ದಕ್ಕೂ ಇಳಿಜಾರು. ಇನ್ನೆಸ್ ಸ್ಮಗ್ಲರುಗಳ ಕಥೆ ಹೇಳುತ್ತಿದ್ದ. ಸುಂಕದವನು ಬಂದಾಗ ಪೀಪಾಯಿಯನ್ನು ಶವದ ಪೆಟ್ಟಿಗೆಯಲ್ಲಿಟ್ಟು ಸುತ್ತ ಕೂತು ಅತ್ತ ಹೆಂಗಸರ ಕಥೆ. ಹಿಂದಿನ ಸೀಟಿನಿಂದ ಥೀಸನಮ್ಮನ ದನಿ ಬಂತು: “ಮಿಸ್ಟರ್ ಗೆಡ್ಡಿಸ್, ಗಾಡಿ ನಿಲ್ಲಿಸಿ.”

“ಇನ್ನೊಂದು ಮೈಲಿ ಹೋದ್ರೆ ಒಳ್ಳೇ ನೋಟ ಸಿಗುತ್ತೆ ಅಮ್ಮಾ...”

“ನಿಲ್ಲಿಸಿ. ಏನೋ ಸುಡ್ತಾ ಇದೆ.”

ನಿಲ್ಲಿಸಿ ಇಳಿದು ನೋಡಿದರೆ ಎಡಗಡೆಯ ಮುಂದಿನ ಚಕ್ರದಿಂದ ಹೊಗೆ. ಬ್ರೇಕು ಹಿಡಿದುಕೊಂಡು ಕಾದು ಕೆಂಡವಾಗಿತ್ತು. ವ್ಯಾನ್ ತುಂಬ ವಾಸನೆ ತುಂಬಿದ್ದಿರಬೇಕು. ಇವನು ಹೆಣದ ಕಥೆ ಹೇಳುತ್ತಾ ಕೂತಿದ್ದ. ಮುಂದಿನ ತಿರುವಿನ ಕೆಳಗೆ ನದಿ. ಇನ್ನೆಸ್ ಹುಲ್ಲಿನ ಮೇಲೆ ಮಂಡಿಯೂರಿ ಚಕ್ರ ತಣ್ಣಗಾಗುವುದನ್ನೇ ನೋಡುತ್ತಾ ಕೂತ. ಹೆದರಿಕೆ ಆಯಿತು. ಫೆಬ್ರವರಿಯಿಂದ ಮೊದಲ ಸಲ ನಿಜವಾದ ಹೆದರಿಕೆ.

ಮಧ್ಯಾಹ್ನ ಹೊಗೆಮೀನಿನ ಸಾರು ಕುಡಿಯುವಾಗ ಥೀಸನ್ ಕೈ ತೊಳೆಯಲು ಎದ್ದು ಹೋದ. ಅವನ ಹೆಂಡತಿ ಚಮಚ ಕೆಳಗಿಟ್ಟಳು.

“ನಿಮಗೆ ವಾಸನೆ ಬರೋದಿಲ್ಲ,” ಎಂದಳು. ಕೇಳಿದ್ದಲ್ಲ, ಹೇಳಿದ್ದು.

ಇನ್ನೆಸ್ ಓಟ್ಸ್ ರೊಟ್ಟಿ ಮುರಿಯುತ್ತಾ ಕೂತ. ಕೊನೆಗೆ, “ಇನ್ನೆರಡು ವಾರ, ಅಮ್ಮಾ. ಸೀಸನ್ ಮುಗಿಯುತ್ತೆ. ಹೊಟ್ಟೆಪಾಡು,” ಎಂದ.

“ನಾನು ಯಾರಿಗೂ ಹೇಳೋದಿಲ್ಲ. ನಮ್ಮ ಕಸುಬಿನಲ್ಲೂ ಹೀಗಾದವರಿದ್ದಾರೆ. ಆದರೆ ಅವರು ತಪ್ಪು ಹೇಳಿದರೆ ಒಂದು ಪೆಟ್ಟಿಗೆ ಚಹಾ ಹಾಳಾಗೋದು, ಅಷ್ಟೇ. ನಿಮ್ಮಲ್ಲಿ ಹೇಗೋ ನನಗೆ ಗೊತ್ತಿಲ್ಲ.”

ಇನ್ನೆಸ್ ಸಾರಿನ ಬಟ್ಟಲು ಪಕ್ಕಕ್ಕೆ ಸರಿಸಿದ. ಟಾರ್‌ವೆನ್ನಿಗೆ ಹೋಗುವುದು ಬೇಡ, ಬ್ರೇಕು ಕೆಟ್ಟಿದೆ ಅಂತ ಫೋನ್ ಮಾಡೋಣ ಎಂದುಕೊಂಡ. ಫೋನ್ ಕೈಗೂ ತೆಗೆದುಕೊಂಡ. ಅಷ್ಟರಲ್ಲಿ ಅದೇ ಹೊಡೆದುಕೊಂಡಿತು. ವಾಟಿ.

“ಎಲ್ಲಿ ಸತ್ತಿದೀಯ ಭಾವ? ಪೊರಕೆ ಹಿಡ್ಕೊಂಡು ಮದುವಣಗಿತ್ತಿ ಥರ ಕಾಯ್ತಾ ಇದೀನಿ. ಬೇಗ ಬಾ!”

“ಬಂದೆ,” ಎಂದ ಇನ್ನೆಸ್. ಬಾಯಿಗೆ ಬಂದದ್ದು ಅದೊಂದೇ ಮಾತು.

ಟಾರ್‌ವೆನ್ನಿಯ ಅಂಗಳದಲ್ಲಿ ವಾಟಿಯ ಮಗಳು ಕರ್ಸ್ಟಿ ಕೊಳವೆ ಸುತ್ತುತ್ತಿದ್ದಳು. ವಸಂತದಲ್ಲಿ ಅಪ್ಪನ ಭಟ್ಟಿಗೇ ಕೆಲಸಕ್ಕೆ ಸೇರಿದವಳು. ಇನ್ನೆಸ್‌ಗೂ ನೆಟ್ಟಾಳಿಗೂ ಮಕ್ಕಳಿಲ್ಲ. ಇವಳನ್ನೇ ಹೆಗಲ ಮೇಲೆ ಹೊತ್ತು ಬೆಳೆಸಿದ್ದರು. “ಮಾವ, ಚಾಕಲೇಟ್ ಎಲ್ಲಿ?” ಎಂದು ಇಪ್ಪತ್ತನಾಲ್ಕರ ಹೆಣ್ಣು ಅಂಗೈ ಚಾಚಿದಳು. ಅವನು ಜೇಬಿನಿಂದ ತೆಗೆದು ಕೊಟ್ಟ.

ಮೇಲಿನ ತೊಟ್ಟಿ ಕೋಣೆಯಲ್ಲಿ ವಾಟಿ ಐದನೇ ತೊಟ್ಟಿಯ ಮುಚ್ಚಳ ತೆಗೆದು, ಏಣಿ ಇಳಿಬಿಟ್ಟು, ಉದ್ದ ಹಿಡಿಯ ಪೊರಕೆ ಹಿಡಿದು ನಿಂತಿದ್ದ. ಪಕ್ಕದ ಆರನೆಯದು ತುಂಬಿ ಕೊತಕೊತ ಎನ್ನುತ್ತಿತ್ತು. ವಾಟಿ ಅದರ ಮುಚ್ಚಳ ಒಂದು ಗೇಣು ಎತ್ತಿ ಥೀಸನ್‌ನನ್ನು ಕರೆದ. “ಬನ್ನಿ ಸಾರ್, ಒಂದು ಉಸಿರು ಎಳೀರಿ. ಎದೆ ತುಂಬ ಮಾತ್ರ ಬೇಡ.” ಥೀಸನ್ ಮೂಗಿಟ್ಟವನೇ ಚಾಟಿಯೇಟು ತಿಂದವನ ಹಾಗೆ ಹಿಂದಕ್ಕೆ ಹಾರಿದ. ಕಣ್ಣಲ್ಲಿ ನೀರು. ಅವನ ಹೆಂಡತಿ ದೂರದಿಂದಲೇ ಮುಖ ತಿರುಗಿಸಿದಳು. ವಾಟಿಗೆ ಖುಷಿಯೋ ಖುಷಿ. “ನೋಡಿದ್ರಾ? ಹುಟ್ಟಿದ ಮಗುವೂ ಹಾರುತ್ತೆ, ಮುದುಕನೂ ಹಾರ್ತಾನೆ. ಈ ಗಾಳಿ ಖಾಲಿ ತೊಟ್ಟಿ ತಳದಲ್ಲಿ ಒಂದು ಚೂರು ಇದ್ರೂ ನಮ್ಮ ಭಾವನ ಮೂಗು ಹಿಡಿಯುತ್ತೆ. ಈಗ ನೋಡಿ ತಮಾಷೆ. ಭಾವ, ಬಗ್ಗು.”

ಇನ್ನೆಸ್ ಐದನೆಯದರ ಅಂಚು ಹಿಡಿದು ಬಗ್ಗಿದ. ಒಳಗೆ ಕತ್ತಲೆ, ಒದ್ದೆ ಮರ. ಉಸಿರೆಳೆದ. ಏನೂ ಇಲ್ಲ. ತಲೆ ಎತ್ತಿದಾಗ ಮೂವರೂ ಅವನನ್ನೇ ನೋಡುತ್ತಿದ್ದರು, ಥೀಸನಮ್ಮನ ಮುಖ ಬಿಳಿಚಿಕೊಂಡಿತ್ತು. ಇಪ್ಪತ್ತೆಂಟು ವಾರ ಹೇಳಿದ ನಾಲಗೆ, ಅವನನ್ನು ಕೇಳಲೇ ಇಲ್ಲ.

“ಇಳಿ,” ಎಂದ.

ವಾಟಿ ಏಣಿಗೆ ಕಾಲು ಹಾಕಿದ. “ಇವತ್ತು ತಡ ಆಗೋಯ್ತು ನೋಡು,” ಎಂದು ಇಳಿಯುತ್ತಲೇ ಹರಟಿದ. “ನಿನ್ನೆ ಸಂಜೆ ಪಂಪು ಕೈ ಕೊಟ್ಟಿತ್ತು. ಈ ಹಾಳು ತೊಟ್ಟಿ ಖಾಲಿಯಾಗಿ ಇನ್ನೂ ಅರ್ಧ ಗಂಟೆ ಆಗಿಲ್ಲ. ಕೆಳಗಿನ ಬಾಗಿಲು ಈಗ ತೆಗೀಬೇಕು. ನಿನ್ನ ಮೂಗು ಇಳಿ ಅಂದ್ಮೇಲೆ ನನಗೇನು.”

ಇನ್ನೆಸ್ ಮತ್ತೆ ತೊಟ್ಟಿಯ ಅಂಚು ಹಿಡಿದ. ಅರ್ಧ ಗಂಟೆ. ತಳದಲ್ಲಿ ಎರಡಾಳುದ್ದ ಗಾಳಿ ಮಲಗಿರುತ್ತದೆ.

“ವಾಟಿ, ಮೇಲೆ ಬಾ.”

“ಯಾಕೆ?”

“ಬಾ ಅಂದ್ರೆ ಬಾ. ನನ್ನ ಮೂಗು ಸತ್ತಿದೆ. ನನಗೇನೂ ವಾಸನೆ ಬರಲ್ಲ.”

ವಾಟಿ ಹೋ ಎಂದು ನಕ್ಕ. ಇವರಿಬ್ಬರೂ ಮೂವತ್ತು ವರ್ಷದಿಂದ ಒಬ್ಬರನ್ನೊಬ್ಬರು ಹೆದರಿಸುತ್ತಾ ಬಂದವರು. ಒಬ್ಬನ ಬೂಟಿಗೆ ಇನ್ನೊಬ್ಬ ಗಂಜಿ ಸುರಿದವರು. “ನಿನ್ನ ಮೂಗು ಸತ್ರೆ ನಾನು ಪಾದ್ರಿ ಆಗ್ತೀನಿ. ಬಿಡು ಭಾವ, ಅತಿಥಿಗಳ ಮುಂದೆ ನಾಟಕ ಬೇಡ.”

ಇನ್ನೆಸ್ ಬಗ್ಗಿ ಅವನ ಕೋಟಿನ ಕಾಲರಿಗೆ ಕೈ ಹಾಕಿದ. ವಾಟಿ ಕೊಡವಿಕೊಂಡು ಒಂದು ಮೆಟ್ಟಿಲು ಇಳಿದ. ತಲೆ ಮಾತ್ರ ಮೇಲಿತ್ತು.

“ಅವರು ಹೇಳೋದು ನಿಜ,” ಎಂದು ಥೀಸನಮ್ಮ ಕೂಗಿದಳು. “ದಯವಿಟ್ಟು ಮೇಲೆ ಬನ್ನಿ!”

“ಓಹೋ, ಇವರಿಗೂ ಪಾಠ ಹೇಳಿಕೊಟ್ಟು ಕರ್ಕೊಂಡು ಬಂದಿದೀಯಾ?” ವಾಟಿಯ ಕಾಲು ಮುಂದಿನ ಮೆಟ್ಟಿಲು ತಡಕುತ್ತಿತ್ತು.

ಮಾತು ನಂಬಿಸುವ ಕಾಲ ಮುಗಿದಿತ್ತು. ಇಷ್ಟು ವರ್ಷದಲ್ಲಿ ಮೂಗು ಗಳಿಸಿದ ಹೆಸರೇ ಈಗ ಇನ್ನೆಸ್‌ನ ಮಾತಿಗೆ ಅಡ್ಡ ನಿಂತಿತ್ತು. ಅವನು ತಿರುಗಿ ಆರನೇ ತೊಟ್ಟಿಯ ಮುಚ್ಚಳವನ್ನು ಪೂರ್ತಿ ಎತ್ತಿ ಒಗೆದ. “ಇಲ್ಲಿ ನೋಡೋ!” ಎಂದ. ನೊರೆಯ ಮೇಲೆ ಮುಖ ಇಟ್ಟ. ಎದೆ ತುಂಬ ಉಸಿರೆಳೆದ.

ಹಾರಲಿಲ್ಲ. ಕಣ್ಣು ಮಿಟುಕಿಸಲಿಲ್ಲ. ಇನ್ನೊಂದು ಸಲ ಎಳೆದ, ವಾಟಿಯ ಕಣ್ಣಲ್ಲಿ ಕಣ್ಣಿಟ್ಟು.

ವಾಟಿಯ ನಗು ಮುಖದ ಮೇಲೇ ಸತ್ತಿತು. ಮೂಗಿರುವ ಯಾವ ಪ್ರಾಣಿಯೂ ಅದನ್ನು ಮಾಡಲಾರದೆಂದು ಅವನಿಗಿಂತ ಚೆನ್ನಾಗಿ ತಿಳಿದವರಿಲ್ಲ. ಮೂರನೇ ಉಸಿರಿಗೆ ಇನ್ನೆಸ್‌ನ ಮಂಡಿ ಕುಸಿಯಿತು. ಮುಖ ನೊರೆಯ ಕಡೆಗೇ ಜಾರುತ್ತಿತ್ತು. ಥೀಸನಮ್ಮ ಎರಡೂ ಕೈಯಿಂದ ಅವನ ಬೆಲ್ಟು ಹಿಡಿದು ಜಗ್ಗಿದಳು. ವಾಟಿ ಹೇಗೆ ಮೇಲೆ ಬಂದನೋ ಅವನಿಗೇ ಗೊತ್ತಿಲ್ಲ, ಭಾವನ ಕಂಕುಳಿಗೆ ಕೈ ಹಾಕಿ ಎಳೆದು ಹಲಗೆ ನೆಲದ ಮೇಲೆ ಮಲಗಿಸಿದ.

ಇನ್ನೆಸ್ ಕಣ್ಣು ಬಿಟ್ಟಾಗ ಕಿಟಕಿ ತೆರೆದಿತ್ತು. ವಾಟಿ ಅವನ ಕೋಟಿನ ಎದೆಯನ್ನು ಮುಷ್ಟಿಯಲ್ಲಿ ಹಿಡಿದು ಅಲ್ಲಾಡಿಸುತ್ತಿದ್ದ. “ಮುಠ್ಠಾಳ! ಅಕ್ಕನಿಗೆ ನಾನು ಏನು ಅಂತ ಹೇಳ್ತಿದ್ದೆ? ಕತ್ತೆ ಮುಂಡೇದೇ!” ಅವನು ಅಳುತ್ತಲೂ ಇದ್ದ, ನಗುತ್ತಲೂ ಇದ್ದ. “ಹೋದ್ರೆ ಹೋಗ್ಲಿ ಬಿಡು ಮೂಗು. ನಾನು ಬದುಕಿದೀನಿ, ನೀನು ಬದುಕಿದೀಯ. ಯಾವಾಗ ಹೋಯ್ತು ಇದು? ಮೊನ್ನೆ ನೆಗಡಿಗಾ?”

ಸುಳ್ಳು ಹೇಳಲು ಇದೊಂದು ಸುಲಭದ ಜಾಗ ಸಿಕ್ಕಿತ್ತು. ಹೂಂ ಅಂದರೆ ಸಾಕಿತ್ತು.

“ಫೆಬ್ರವರಿಯಲ್ಲಿ,” ಎಂದ ಇನ್ನೆಸ್.

ವಾಟಿ ತಿಂಗಳು ಎಣಿಸತೊಡಗಿದ. ಅವನ ತುಟಿಗಳು ಅಲುಗುತ್ತಿದ್ದವು. ಮಾರ್ಚ್, ಏಪ್ರಿಲ್, ಮೇ. ಜೂನ್‌ಗೆ ಬಂದು ನಿಂತವು.

“ಜೂನ್‌ನಲ್ಲಿ ಕರ್ಸ್ಟಿ ಇಳಿದಿದ್ಲು,” ಎಂದ. “ಅವಳು ತೊಟ್ಟಿಗೆ ಇಳಿದ ಮೊದಲ ದಿನ.”

“ಹೌದು.”

“ಮಗು ಅಲ್ವಾ, ಇವತ್ತೊಂದು ದಿನ ಮೀಟರ್ ಹಾಕೋಣ ಅಂದೆ ನಾನು. ನೀನು ಬೇಡ ಅಂದೆ.”

ಮೀಟರ್ ತಂದರೆ ತನ್ನ ಗುಟ್ಟು ಬಯಲಾದೀತು ಅಂತ ಅವತ್ತು ತನಗೆ ಅನಿಸಿದ್ದು ಇನ್ನೆಸ್‌ಗೆ ನೆನಪಿತ್ತು. ‘ನಾನಿಲ್ವಾ, ಇಳಿ ಮಗಳೇ’ ಎಂದು ಅವಳ ಬೆನ್ನು ತಟ್ಟಿದ್ದೂ ನೆನಪಿತ್ತು.

ವಾಟಿಯ ಮುಷ್ಟಿ ಸಡಿಲಾಯಿತು. ಅವನು ಕೋಟು ಬಿಟ್ಟು ಎದ್ದ, ಭಾವನ ಕಡೆ ನೋಡದೆ ಕಿಟಕಿಯವರೆಗೆ ನಡೆದು ಹೋದ, ಅಂಗಳಕ್ಕೆ ತಲೆ ಹಾಕಿ ಕೋಣೆಯೆಲ್ಲ ಅದುರುವಂತೆ ಕೂಗಿದ.

“ಕರ್ಸ್ಟೀ!”

“ಏನಪ್ಪಾ?” ಕೆಳಗಿನಿಂದ ದನಿ ಬಂತು.

ವಾಟಿ ಚೌಕಟ್ಟು ಹಿಡಿದು ನಿಂತೇ ಇದ್ದ.

“ಏನಪ್ಪಾ, ಕರೆದೆ?”

“ಏನಿಲ್ಲ ಮಗಳೇ,” ಎಂದ ವಾಟಿ.